ಕೀಬೋರ್ಡಿನಿಂದ ಕಂಪ್ಯೂಟರ್‌ಗೆ: ಮನೆ ರೆಕಾರ್ಡಿಂಗ್ ಬಗ್ಗೆ ನಮ್ಮ ಕಡೆ ಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಮನೆಯ ಒಂದು ಕೋಣೆಯಲ್ಲೇ ನಾನು ರೆಕಾರ್ಡಿಂಗ್ ಮಾಡುತ್ತೇನೆ. ಹುಬ್ಬಳ್ಳಿಯ ಆರ್ಕೆಸ್ಟ್ರಾ ಹುಡುಗರು, ಗದಗಿನ ಸಂಗೀತ ವಿದ್ಯಾರ್ಥಿಗಳು, ಹಾವೇರಿ ಕಡೆಯ ಭಜನಾ ಮೇಳದವರು ಎದುರಿಗೆ ಸಿಕ್ಕಾಗ, ಫೋನಿನಲ್ಲಿ, ಪತ್ರದಲ್ಲಿ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ನಡೆಯುತ್ತದೆ. ಆದರೆ ಮೊದಲನೆಯದನ್ನು ಮಾತ್ರ ಎಲ್ಲರೂ ಓದಿ. ನನ್ನ ಹತ್ತಿರ ಬರುವ ತೊಂದರೆಗಳಲ್ಲಿ ಹೆಚ್ಚಿನವು ವೈರಿನೊಳಗೆ ಏನು ಹರಿಯುತ್ತಿದೆ ಎಂದು ಗೊತ್ತಿಲ್ಲದ್ದರಿಂದಲೇ ಹುಟ್ಟಿದವು.

## ಮೊದಲ ಸಲ ಹಚ್ಚುವವರಿಗೆ

ಕೀಬೋರ್ಡಿಗೆ ಪ್ರಿಂಟರ್ ವೈರ್ ಹಚ್ಚೇನ್ರಿ. ಕಂಪ್ಯೂಟರ್‌ನ್ಯಾಗ ಕೀಬೋರ್ಡ್ ಹೆಸರು ತೋರಸ್ತೈತಿ, ಆದ್ರ ರೆಕಾರ್ಡ್ ಮಾಡಿದ್ರ ಧ್ವನಿನ ಬರವಲ್ದು. ಏನ್ ತಪ್ಪ ಆಗೇತಿ?

ತಪ್ಪೇನೂ ಆಗಿಲ್ಲ. ಆ ವೈರಿನಲ್ಲಿ ಧ್ವನಿ ಹೋಗುತ್ತಿಲ್ಲ, ಸೂಚನೆ ಹೋಗುತ್ತಿದೆ.

ವಾದ್ಯದಿಂದ ಕಂಪ್ಯೂಟರ್‌ಗೆ ಎರಡು ಬಗೆಯ ಸಂಗತಿ ಕಳಿಸಬಹುದು. ಒಂದು ಆಡಿಯೋ, ಅಂದರೆ ಸ್ಪೀಕರಿನಲ್ಲಿ ಕೇಳುವ ಧ್ವನಿಯೇ ವಿದ್ಯುತ್ ರೂಪದಲ್ಲಿ. ಇನ್ನೊಂದು ಮಿಡಿ. ಯಾವ ಕೀ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ ಎಂಬ ವರದಿ ಅದು. ಹಾಡಿಗೂ ಸ್ವರಲಿಪಿ ಬರೆದ ಹಾಳೆಗೂ ಇರುವ ಅಂತರವೇ ಇಲ್ಲಿಯೂ ಇದೆ. ಹಾಳೆ ತಾನಾಗಿ ಹಾಡುವುದಿಲ್ಲ, ನೋಡಿಕೊಂಡು ಹಾಡುವವರು ಬೇಕು.

ಮಧ್ಯ ಸಪ್ತಕದ ಬಿಳಿ 1 (ಮೊದಲ ಬಿಳಿ ಕೀ) ಒತ್ತಿದಿರಿ ಅನ್ನಿ. ವೈರಿನಲ್ಲಿ ಹೋಗುವುದು ಮೂರೇ ಅಂಕಿ. ಮೊದಲನೆಯದು ‘ಒಂದನೇ ಚಾನೆಲ್‌ನಲ್ಲಿ ಕೀ ಬಿತ್ತು’ ಎನ್ನುತ್ತದೆ. ಎರಡನೆಯದು 60, ಅದು ಆ ಕೀಯ ನಂಬರು. ಮೂರನೆಯದು 1ರಿಂದ 127ರವರೆಗಿನ ಒತ್ತಿನ ಪ್ರಮಾಣ. ಪಿಯಾನೋ ಟೋನ್ ಇಟ್ಟಿದ್ದೀರೋ ಶಹನಾಯಿ ಇಟ್ಟಿದ್ದೀರೋ, ಆ ಮೂರು ಅಂಕಿಯೊಳಗೆ ಅದರ ಸುಳಿವೂ ಇರುವುದಿಲ್ಲ. ಬೇರೆ ಬೇರೆ ಕಂಪನಿಯ ವಾದ್ಯಗಳು ಪರಸ್ಪರ ಮಾತಾಡಲಿ ಎಂದು 1983ರಲ್ಲಿ ಬಂದ ಈ ಪದ್ಧತಿ ಇವತ್ತಿಗೂ ಬಹುಪಾಲು ಹಾಗೆಯೇ ನಡೆದಿದೆ.

ಈಗ ನಿಮ್ಮ ಮುಂದೆ ಎರಡು ದಾರಿ. ರೆಕಾರ್ಡ್ ಆದ ಮಿಡಿ ಟ್ರ್ಯಾಕಿಗೆ ಕಂಪ್ಯೂಟರಿನೊಳಗಿನ ಒಂದು ಸಾಫ್ಟ್‌ವೇರ್ ವಾದ್ಯ ಜೋಡಿಸಿದರೆ ಕೂಡಲೇ ಧ್ವನಿ ಬರುತ್ತದೆ, ಆದರೆ ಅದು ಆ ವಾದ್ಯದ ಧ್ವನಿ. ನಿಮ್ಮ ಕೀಬೋರ್ಡಿನ ಟೋನೇ ಬೇಕಾದರೆ ಅದರ ಧ್ವನಿ ಹೊರಗೆ ಕೊಡುವ ತೂತಾದ ಲೈನ್ ಔಟ್‌ನಿಂದ ಬೇರೆ ಆಡಿಯೋ ವೈರು ಎಳೆಯಬೇಕು. ಕೆಲವು ಹೊಸ ಕೀಬೋರ್ಡುಗಳು ಅದೇ ಯುಎಸ್‌ಬಿ ವೈರಿನಲ್ಲಿ ಆಡಿಯೋವನ್ನೂ ಕಳಿಸುತ್ತವೆ. ಮ್ಯಾನುಯಲ್‌ನಲ್ಲಿ ‘ಯುಎಸ್‌ಬಿ ಆಡಿಯೋ’ ಎಂದು ಇದೆಯೋ ಹುಡುಕಿ.

ಸಾಧ್ಯವಿದ್ದರೆ ಎರಡನ್ನೂ ಒಟ್ಟಿಗೇ ರೆಕಾರ್ಡ್ ಮಾಡಿ ಎಂಬುದು ನನ್ನ ಸಲಹೆ. ಒಂದು ಸ್ವರ ತಪ್ಪಿ ಬಿದ್ದರೆ ಮಿಡಿಯಲ್ಲಿ ಅದೊಂದನ್ನೇ ಸರಿಸಬಹುದು. ನುಡಿಸುವಾಗ ನಿಮಗೆ ಮೆಚ್ಚಿದ ಟೋನು ಆಡಿಯೋದಲ್ಲಿ ಉಳಿದಿರುತ್ತದೆ.

ಕೀಬೋರ್ಡ್ ಹಿಂದ ಎರಡು ಯುಎಸ್‌ಬಿ ತೂತ ಅವ. ಯಾವುದಕ್ಕ ಹಚ್ಚಬೇಕ್ರಿ?

ಚೌಕಾಕಾರದ್ದಕ್ಕೆ. ‘ಟು ಹೋಸ್ಟ್’ ಎಂದು ಬರೆದಿರುತ್ತದೆ, ಕಂಪ್ಯೂಟರ್ ಅಲ್ಲಿಗೆ. ‘ಟು ಡಿವೈಸ್’ ಎಂಬ ಚಪ್ಪಟೆಯದು ಪೆನ್‌ಡ್ರೈವ್‌ಗೆ. ಪೆನ್‌ಡ್ರೈವ್ ತೂತನ್ನೂ ಲ್ಯಾಪ್‌ಟಾಪನ್ನೂ ಜೋಡಿಸುವ ವೈರು ಅಂಗಡಿಯಲ್ಲಿ ಸಿಕ್ಕರೂ ತರಬೇಡಿ, ಅದರಿಂದ ಕೆಲಸ ಆಗುವುದಿಲ್ಲ.

ಹಳೇ ಕ್ಯಾಸಿಯೋ ಐತ್ರಿ. ಯುಎಸ್‌ಬಿ ಇಲ್ಲ. ಒಗೀಬೇಕೇನು?

ಯಾಕೆ ಒಗೆಯಬೇಕು? ಹಿಂದೆ ದುಂಡಗಿನ ಐದು ಪಿನ್ನಿನ ತೂತು ಇದ್ದರೆ ಅದು ಮಿಡಿ. ಐದು ಪಿನ್ನಿನಿಂದ ಯುಎಸ್‌ಬಿಗೆ ಹೋಗುವ ಸಣ್ಣ ಪೆಟ್ಟಿಗೆ ಸಿಗುತ್ತದೆ. ತೀರ ಅಗ್ಗದವು ಜೋರಾಗಿ ನುಡಿಸಿದಾಗ ಸ್ವರ ನುಂಗುತ್ತವೆ, ಇಲ್ಲವೆ ಒತ್ತಿದ ಸ್ವರ ನಿಲ್ಲದೆ ಎಳೆಯುತ್ತಲೇ ಇರುತ್ತದೆ. ಹೆಸರಿರುವ ಕಂಪನಿಯದ್ದೇ ತನ್ನಿ. ಹಚ್ಚುವಾಗ ಕೀಬೋರ್ಡಿನ ಔಟ್‌ನಿಂದ ಪೆಟ್ಟಿಗೆಯ ಇನ್‌ಗೆ ಹೋಗಬೇಕು. ಕೆಲವು ವೈರುಗಳ ಮೇಲೆ ‘ಇನ್’ ಎಂದು ಬರೆದದ್ದನ್ನು ‘ಕೀಬೋರ್ಡಿನ ಇನ್‌ಗೆ ಹಾಕು’ ಎಂಬ ಅರ್ಥದಲ್ಲಿ ಬರೆದಿರುತ್ತಾರೆ. ಏನೂ ಬಾರದಿದ್ದರೆ ಎರಡನ್ನೂ ಅದಲು ಬದಲು ಮಾಡಿ ನೋಡಿ, ಏನೂ ಸುಡುವುದಿಲ್ಲ.

ಬರೀ ಹೆಡ್‌ಫೋನ್ ತೂತು ಇದ್ದರೂ ಆಡಿಯೋ ತೆಗೆಯಬಹುದು. ಕೀಬೋರ್ಡಿನ ವಾಲ್ಯೂಮನ್ನು ಮುಕ್ಕಾಲಿನ ಹತ್ತಿರ ಇಟ್ಟು, ಹೆಡ್‌ಫೋನ್ ತೂತಿನಿಂದ ಇಂಟರ್‌ಫೇಸಿನ (ಧ್ವನಿಯನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ) ಎರಡು ಲೈನ್ ಇನ್‌ಪುಟ್‌ಗೆ ಒಂದು ಸ್ಟೀರಿಯೋ ತುದಿ, ಎರಡು ಮೋನೋ ತುದಿ ಇರುವ ವೈರು ಹಾಕಿ.

ಲ್ಯಾಪ್‌ಟಾಪಿನ ಮೈಕ್ ತೂತಿಗೇ ನೇರ ಹಚ್ಚಿದ್ರ ನಡೀತದೇನ್ರಿ?

ಬೇಡ. ಈಗಿನ ಲ್ಯಾಪ್‌ಟಾಪಿನ ಒಂದೇ ತೂತು ಮೊಬೈಲ್ ಇಯರ್‌ಫೋನಿನ ಮೈಕಿಗೆಂದು ಮಾಡಿದ್ದು. ಅದು ಮೋನೋ, ಮೈಕಿಗೆಂದು ಅದರಲ್ಲಿ ಸಣ್ಣ ವೋಲ್ಟೇಜೂ ಇರುತ್ತದೆ. ಕೀಬೋರ್ಡಿನ ಲೈನ್ ಮಟ್ಟದ ಸಿಗ್ನಲ್ ಅದಕ್ಕೆ ಬಹಳ ಜೋರು. ಧ್ವನಿ ಒಡೆದು ಬರುತ್ತದೆ, ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಸರಿ ಮಾಡಲಾರದು.

ಹಂಗಾರ ಇಂಟರ್‌ಫೇಸ್ ತಗೋಳಾಕ ಬೇಕಾ? ಎಂಥಾದ್ದು?

ಬರೀ ಮಿಡಿ ಸಾಕು ಎನ್ನುವವರಿಗೆ ಬೇಕಿಲ್ಲ. ಕೀಬೋರ್ಡಿನ ಧ್ವನಿ, ಹಾಡು, ಪೇಟಿ (ಹಾರ್ಮೋನಿಯಂ) ಯಾವುದನ್ನು ರೆಕಾರ್ಡ್ ಮಾಡುವುದಿದ್ದರೂ ಬೇಕು. ಎರಡು ಇನ್‌ಪುಟ್ ಇರುವುದು ಮನೆಗೆ ಸಾಕು. ಕೊಳ್ಳುವಾಗ ನಾಲ್ಕು ಸಂಗತಿ ನೋಡಿ. ಎರಡೂ ಇನ್‌ಪುಟ್‌ನಲ್ಲಿ ಲೈನ್ ಹಾಕಲು ಬರಬೇಕು, ಏಕೆಂದರೆ ಕೀಬೋರ್ಡ್ ಸ್ಟೀರಿಯೋ. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಕೊಡುವ ಸ್ವಿಚ್ಚಿರಬೇಕು. ಕಂಪ್ಯೂಟರ್ ಸುತ್ತದೆ ನೇರ ಕೇಳುವ ‘ಡೈರೆಕ್ಟ್ ಮಾನಿಟರ್’ ಇರಬೇಕು. ವಿಂಡೋಸ್ ಆಗಿದ್ದರೆ ಕಂಪನಿಯದೇ ಆಸಿಯೋ ಡ್ರೈವರ್ (ಧ್ವನಿಯ ತಡ ತಗ್ಗಿಸುವ ಜೋಡಣೆಯ ಸಾಫ್ಟ್‌ವೇರ್) ಇರಬೇಕು. ಬೆಹ್ರಿಂಗರ್, ಫೋಕಸ್‌ರೈಟ್, ಆಡಿಯೆಂಟ್ ಇಂಥ ಯಾವುದಾದರೂ ನಡೆಯುತ್ತದೆ. ಹಣ ಉಳಿದರೆ ದುಬಾರಿ ಪೆಟ್ಟಿಗೆಗೆ ಹಾಕುವ ಬದಲು ಒಳ್ಳೆಯ ವೈರಿಗೂ ಹೆಡ್‌ಫೋನಿಗೂ ಹಾಕಿ.

ನಮ್ಮ ಭಜನಿ ಮ್ಯಾಳದ ಮಿಕ್ಸರಿಗೆ ಯುಎಸ್‌ಬಿ ಐತ್ರಿ. ಅದ ಸಾಕಲ್ಲೇನು?

ಆ ಯುಎಸ್‌ಬಿ ಯಾವ ಕೆಲಸದ್ದು ಎಂದು ಮೊದಲು ನೋಡಬೇಕು. ಬಹಳ ಮಿಕ್ಸರುಗಳಲ್ಲಿ ಅದು ಪೆನ್‌ಡ್ರೈವಿನ ಹಾಡು ಹಾಕುವುದಕ್ಕೆ ಮಾತ್ರ. ಕಂಪ್ಯೂಟರ್‌ಗೆ ಹಚ್ಚಿದಾಗ ಸೌಂಡ್ ಸೆಟ್ಟಿಂಗ್‌ನಲ್ಲಿ ಹೊಸ ಇನ್‌ಪುಟ್ ಕಂಡರೆ ಅದು ಇಂಟರ್‌ಫೇಸ್ ಆಗಿಯೂ ಕೆಲಸ ಮಾಡುತ್ತದೆ. ಆಗಲೂ ಹೆಚ್ಚಿನವು ಎಲ್ಲ ಸೇರಿದ ಎರಡು ಚಾನೆಲ್ ಮಾತ್ರ ಕಳಿಸುತ್ತವೆ. ತಾಳದ ಸದ್ದು ಹೆಚ್ಚಾಗಿ ಪದದ ಮಾತು ಮುಚ್ಚಿಹೋದರೆ ಆಮೇಲೆ ಬೇರ್ಪಡಿಸಲು ಬರುವುದಿಲ್ಲ. ಷರೀಫರ ಪದ ಹಾಡುವ ಮೇಳದವರಿಗೆ ನಾನು ಹೇಳುವುದು ಇಷ್ಟೇ: ಮಿಕ್ಸರಿನಲ್ಲಿ ಮಾತಿನ ಮೈಕನ್ನು ಮುಂದಿಟ್ಟು, ತಾಳ ಬಾರಿಸುವವರನ್ನು ಮೈಕಿನಿಂದ ನಾಲ್ಕು ಹೆಜ್ಜೆ ಹಿಂದೆ ಕೂಡಿಸಿ.

ಲ್ಯಾಪ್‌ಟಾಪ್ ಇಲ್ರಿ. ಮೊಬೈಲ್‌ನ್ಯಾಗ ಆಗೋದಿಲ್ಲೇನು?

ಆಗುತ್ತದೆ. ಮೊಬೈಲಿಗೆ ಯುಎಸ್‌ಬಿ ಸಾಮಾನು ಹಚ್ಚುವ ಓಟಿಜಿ ಅಡಾಪ್ಟರ್ ಹಾಕಿದರೆ ಬೇರೆ ಡ್ರೈವರ್ ಬೇಡದ ಕೀಬೋರ್ಡು, ಇಂಟರ್‌ಫೇಸುಗಳು ಮೊಬೈಲಿನಲ್ಲೂ ನಡೆಯುತ್ತವೆ. ತೊಡಕು ಬರುವುದು ಕರೆಂಟಿನದು. ಬಹಳ ಮೊಬೈಲುಗಳಿಗೆ ಇಂಟರ್‌ಫೇಸನ್ನು ಸಾಕುವಷ್ಟು ಶಕ್ತಿ ಇರುವುದಿಲ್ಲ, ಆಗ ನಡುವೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಬೇಕು. ಐಫೋನ್, ಐಪ್ಯಾಡ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ ಸಿಗುತ್ತದೆ, ಮನೆಯ ಕೆಲಸಕ್ಕೆ ಅದು ಧಾರಾಳ.

## ವೈರು, ಅರ್ಥಿಂಗು, ಕರೆಂಟು

ಅಂಗಡಿಯಾಗ ಪಿ-38 ಜಾಕ್ ಕೇಳಿದ್ರ ಒಂದು ಪಟ್ಟಿದೋ ಎರಡು ಪಟ್ಟಿದೋ ಅಂತಾರ. ಯಾವುದು ತರಬೇಕು?

ಪಿ-38 ಅಂದರೆ ಕಾಲು ಇಂಚಿನ ದಪ್ಪ ಜಾಕ್. ಕೀಬೋರ್ಡಿನ ಎಡ, ಬಲ ಲೈನ್ ಔಟ್‌ಗೆ ಒಂದು ಕಪ್ಪು ಪಟ್ಟಿಯ ಮೋನೋ ಜಾಕ್ ಎರಡು ತನ್ನಿ. ಹೆಡ್‌ಫೋನ್ ತೂತಿನಿಂದ ತೆಗೆಯುವುದಾದರೆ ಆ ತುದಿಗೆ ಎರಡು ಪಟ್ಟಿಯ ಸ್ಟೀರಿಯೋ ಬೇಕು. ಇಂಟರ್‌ಫೇಸಿನಿಂದ ಮಾನಿಟರ್ ಸ್ಪೀಕರಿಗೆ ಹೋಗುವಾಗಲೂ ಎರಡು ಪಟ್ಟಿಯದೇ ಇರಲಿ. ಅಲ್ಲಿ ಅದು ಸ್ಟೀರಿಯೋಕ್ಕಲ್ಲ, ಗದ್ದಲ ಕಳೆಯುವ ಬ್ಯಾಲೆನ್ಸ್ಡ್ ಜೋಡಣೆಗೆ. ಸ್ಟೀರಿಯೋ ಹೆಡ್‌ಫೋನ್ ತೂತನ್ನು ಒಂದೇ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಹಾಕಿದರೆ ಎಡ ಬಲಗಳಲ್ಲಿ ಸಮಾನವಾಗಿರುವ ಧ್ವನಿ ಒಂದನ್ನೊಂದು ಕಳೆದು, ಟೊಳ್ಳು ಟೊಳ್ಳು ಕೇಳುತ್ತದೆ. ಇದನ್ನು ಕೀಬೋರ್ಡ್ ಕೆಟ್ಟಿದೆ ಎಂದು ತಿಳಿದು ರಿಪೇರಿಗೆ ಒಯ್ದವರೂ ಇದ್ದಾರೆ.

ಲ್ಯಾಪ್‌ಟಾಪ್ ಚಾರ್ಜರ್ ಹಚ್ಚಿದ ಕೂಡ್ಲೇ ಗುಂಯ್ ಅಂತೈತ್ರಿ, ತಗದ್ರ ನಿಂದರತೈತಿ. ಏನಿದು ಕಾಟ?

ಇದು ಅರ್ಥ್ ಲೂಪ್. ಎರಡು ಸಾಮಾನುಗಳ ನಡುವೆ ಅರ್ಥ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಕೂಡಿದಾಗ ಆ ಸುತ್ತಿನಲ್ಲಿ ಸಣ್ಣ ಕರೆಂಟು ಹರಿಯುತ್ತದೆ, ಅದೇ ಧ್ವನಿಯಾಗಿ ಕೇಳುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಆ ಗುಂಯ್ ಕೂಡ 50, 100, 150ರ ಲೆಕ್ಕದಲ್ಲೇ ಇರುತ್ತದೆ. ಗುಂಯ್ ಬದಲು ಕೀಚಲು ಸದ್ದು ಬಂದು, ಮೌಸ್ ಸರಿಸಿದಾಗ ಅದು ಬದಲಾದರೆ ಅದು ಕಂಪ್ಯೂಟರಿನೊಳಗಿನ ಗದ್ದಲ ಯುಎಸ್‌ಬಿಯ ಅರ್ಥ್ ಹಿಡಿದು ಬರುತ್ತಿರುವುದು.

ಹುಡುಕುವ ಕ್ರಮ ಹೀಗೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಹೆಡ್‌ಫೋನ್ ಹಾಕಿಕೊಂಡು ಕೀಬೋರ್ಡಿನ ವಾಲ್ಯೂಮ್ ಸೊನ್ನೆ ಮಾಡಿ. ಈಗ ಒಂದೊಂದೇ ವೈರು ಕಿತ್ತು ಕೇಳುತ್ತ ಹೋಗಿ. ಚಾರ್ಜರ್ ಕಿತ್ತಾಗ ನಿಂತರೆ ಲೂಪ್ ಚಾರ್ಜರ್ ಮೂಲಕ ಸುತ್ತುತ್ತಿದೆ. ಕೀಬೋರ್ಡಿನ ಯುಎಸ್‌ಬಿ ಕಿತ್ತಾಗ ನಿಂತರೆ ಅದು ಮನೆ ರೆಕಾರ್ಡಿಂಗಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವ ಲೂಪ್: ಕೀಬೋರ್ಡಿನಿಂದ ಯುಎಸ್‌ಬಿ ಲ್ಯಾಪ್‌ಟಾಪಿಗೆ ಹೋಗಿದೆ, ಆಡಿಯೋ ವೈರು ಇಂಟರ್‌ಫೇಸಿಗೆ ಹೋಗಿದೆ, ಇಂಟರ್‌ಫೇಸ್ ಮತ್ತೆ ಅದೇ ಲ್ಯಾಪ್‌ಟಾಪಿಗೆ ಕೂಡಿದೆ. ಸುತ್ತು ಪೂರ್ತಿಯಾಯಿತು.

ಅದಕ್ಕೆ ಮೂರು ಪರಿಹಾರ ಇವೆ. ಒಂದು, ಆಡಿಯೋ ವೈರಿನ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ, ಆ ವೈರಿನ ಅರ್ಥ್ ಜೋಡಣೆ ಬಿಡಿಸುವ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತುವುದು. ಎರಡು, ಯುಎಸ್‌ಬಿ ವೈರಿನ ನಡುವೆ ವಿದ್ಯುತ್ ಸಂಬಂಧ ಕಡಿಯುವ ಯುಎಸ್‌ಬಿ ಐಸೊಲೇಟರ್. ಮೂರನೆಯದು ನನಗೆ ಅಚ್ಚುಮೆಚ್ಚು. ಕೀಬೋರ್ಡಿಗೆ ಹಳೆಯ ಐದು ಪಿನ್ನಿನ ಮಿಡಿ ಇದ್ದರೆ ಅದನ್ನೇ ಬಳಸುವುದು. ಆ ಪದ್ಧತಿಯಲ್ಲಿ ಸೂಚನೆ ಪಡೆಯುವ ಕಡೆ ಸಣ್ಣ ಬೆಳಕಿನ ಮೂಲಕ ದಾಟುತ್ತದೆ, ಎರಡು ಸಾಮಾನಿನ ನಡುವೆ ವಿದ್ಯುತ್ ಸಂಬಂಧವೇ ಇರುವುದಿಲ್ಲ. ಅಲ್ಲಿ ಲೂಪಿಗೆ ಜಾಗವೇ ಇಲ್ಲ.

ಒಂದು ಕೆಲಸ ಮಾತ್ರ ಎಂದೂ ಮಾಡಬೇಡಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಅರ್ಥ್ ಪಿನ್ ಮುರಿದರೆ ಗುಂಯ್ ನಿಲ್ಲುತ್ತದೆ, ನಿಜ. ಆದರೆ ಆಮೇಲೆ ಆಂಪ್ಲಿಫಯರಿನಲ್ಲಿ ಎಲ್ಲೋ ಶಾರ್ಟ್ ಆದರೆ ಆ ಕರೆಂಟು ಹೋಗುವ ದಾರಿ ಹಾಡುವವರ ಮೈ. ಹಳೆಯ ಹಂಚಿನ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ವೈರೇ ಇಲ್ಲದಿರುವುದುಂಟು. ಮೈಕಿನ ಜಾಲರಿ ತುಟಿಗೆ ತಾಕಿದಾಗ ಚುರ್ ಎಂದರೆ ರೆಕಾರ್ಡಿಂಗ್ ನಿಲ್ಲಿಸಿ, ವೈರ್‌ಮನ್ ಕರೆಸಿ ಅರ್ಥಿಂಗ್ ನೋಡಿಸಿ.

ನಡುವ ಕರೆಂಟ್ ಹೋದ್ರ ಮಾಡಿದ್ದೆಲ್ಲಾ ಹೋಗತೈತೇನ್ರಿ?

ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ, ಯುಎಸ್‌ಬಿಯಿಂದಲೇ ಕರೆಂಟು ಪಡೆಯುವ ಇಂಟರ್‌ಫೇಸ್ ಹಾಕಿದ್ದರೆ ಅವೆರಡೂ ನಿಲ್ಲುವುದಿಲ್ಲ, ಕೀಬೋರ್ಡಷ್ಟೇ ನಿಲ್ಲುತ್ತದೆ. ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕೇ ಬೇಕು. ಮನೆಯ ಇನ್ವರ್ಟರ್ ಹಳೆಯ ಸ್ಕ್ವೇರ್ ವೇವ್ ಜಾತಿಯದಾದರೆ ಅದರ ಮೇಲೆ ರೆಕಾರ್ಡ್ ಮಾಡಬೇಡಿ, ಗರ್ ಎಂಬ ಸದ್ದು ಸೇರುತ್ತದೆ. ಸಾಫ್ಟ್‌ವೇರಿನಲ್ಲಿ ಐದು ನಿಮಿಷಕ್ಕೊಮ್ಮೆ ತಾನೇ ಸೇವ್ ಆಗುವಂತೆ ಹಚ್ಚಿಡಿ.

## ಸಾಫ್ಟ್‌ವೇರು ಮತ್ತು ತಡ

ಯಾವ ಸಾಫ್ಟ್‌ವೇರ್ ಹಾಕ್ಕೊಳ್ಳಿ? ಗೆಳೆಯಾ ಒಂದು ಕ್ರ್ಯಾಕ್ ಕೊಡ್ತೀನಿ ಅಂದಾನ.

ಕ್ರ್ಯಾಕ್ ಬೇಡ. ಅದರ ಜೊತೆ ಬರುವ ವೈರಸ್ಸು ನಿಮ್ಮ ರೆಕಾರ್ಡಿಂಗುಗಳನ್ನೇ ತಿಂದೀತು, ಮಾಡಿದವರ ದುಡಿಮೆಯೂ ಅದರಲ್ಲಿದೆ. ವಿಂಡೋಸಿನವರಿಗೆ ನಾನು ರೀಪರ್ ಹೇಳುತ್ತೇನೆ. 60 ದಿನ ಪೂರ್ತಿ ಸೌಲಭ್ಯದೊಂದಿಗೆ ಬಳಸಿ ನೋಡಬಹುದು, ಆಮೇಲೆ ಒಬ್ಬೊಬ್ಬರಿಗೆ ಕಡಿಮೆ ದರದ ಲೈಸೆನ್ಸ್ ಇದೆ. ಹಳೆಯ ಲ್ಯಾಪ್‌ಟಾಪಿನಲ್ಲೂ ಹಗುರವಾಗಿ ಓಡುತ್ತದೆ. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಜೊತೆಗೇ ಬರುತ್ತದೆ. ಲಿನಕ್ಸ್‌ನಲ್ಲಿ ಆರ್ಡರ್ (Ardour) ಎಂಬ ಸಾಫ್ಟ್‌ವೇರ್ ಇದೆ. ಆಡಾಸಿಟಿ ಪುಕ್ಕಟೆ, ಒಳ್ಳೆಯದೂ ಹೌದು, ಆದರೆ ಅದರಲ್ಲಿ ಮಿಡಿ ರೆಕಾರ್ಡ್ ಮಾಡಲು ಬರುವುದಿಲ್ಲ.

ಕೀ ಒತ್ತಿದ ಮ್ಯಾಲೆ ಸ್ವಲ್ಪ ತಡಾ ಆಗಿ ಕೇಳಸ್ತದ. ಲಯಾನ ತಪ್ಪತದ.

ಕಂಪ್ಯೂಟರ್ ಧ್ವನಿಯನ್ನು ಹನಿ ಹನಿಯಾಗಿ ಕಳಿಸುವುದಿಲ್ಲ. ಒಂದಿಷ್ಟು ಕೂಡಿಸಿಕೊಂಡು ಒಮ್ಮೆಗೇ ಕಳಿಸುತ್ತದೆ. ಆ ಕೂಡಿಸುವ ಪ್ರಮಾಣಕ್ಕೆ ಬಫರ್ ಎನ್ನುತ್ತಾರೆ. ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದು ಬಫರ್ 1024 ಇದ್ದರೆ ಅಲ್ಲೇ 23 ಮಿಲಿಸೆಕೆಂಡ್ ಹೋಯಿತು. 256ಕ್ಕೆ ಇಳಿಸಿದರೆ ಸುಮಾರು 6, 128ಕ್ಕೆ 3. ಧ್ವನಿ ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ 10 ಮಿಲಿಸೆಕೆಂಡ್ ತಡ ಎಂದರೆ ಸ್ಪೀಕರಿನಿಂದ ಮೂರೂವರೆ ಮೀಟರ್ ದೂರ ಕೂತಷ್ಟೇ, ಕೈಗೆ ಅದು ಭಾರವಾಗುವುದಿಲ್ಲ. 25 ದಾಟಿದರೆ ದ್ರುತ್ ಲಯದಲ್ಲಿ ನುಡಿಸಲಾಗುವುದಿಲ್ಲ.

ವಿಂಡೋಸಿನಲ್ಲಿ ಮೊದಲು ಇಂಟರ್‌ಫೇಸಿನ ಆಸಿಯೋ ಡ್ರೈವರ್ ಆರಿಸಿ. ಕಂಪನಿಯದು ಇಲ್ಲದಿದ್ದರೆ ಆಸಿಯೋ-ಫೋರ್-ಆಲ್ ಎಂಬ ಪುಕ್ಕಟೆಯದು ಕೆಲಸ ನಡೆಸುತ್ತದೆ. ರೆಕಾರ್ಡ್ ಮಾಡುವಾಗ ಬಫರ್ 128 ಅಥವಾ 256, ಮಿಕ್ಸಿಂಗ್ ಮಾಡುವಾಗ 1024. ಪಟ್ ಪಟ್ ಸದ್ದು ಬಂದರೆ ಬಫರ್ ತೀರ ಚಿಕ್ಕದಾಯಿತೆಂದು ಅರ್ಥ, ಒಂದು ಮೆಟ್ಟಿಲು ಏರಿಸಿ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಮಾತ್ರ ನುಡಿಸಬೇಡಿ, ಅದರ ತಡವನ್ನು ಯಾವ ಬಫರೂ ತಗ್ಗಿಸುವುದಿಲ್ಲ.

ಒಂದು ಕೀ ಒತ್ತಿದ್ರ ಎರಡೆರಡು ಧ್ವನಿ ಬರತಾವ.

ಕೀಬೋರ್ಡ್ ತನ್ನ ಧ್ವನಿ ತಾನು ಮಾಡುತ್ತಿದೆ, ಕಂಪ್ಯೂಟರ್ ತನ್ನದೂ ಸೇರಿಸುತ್ತಿದೆ. ಕೀಬೋರ್ಡಿನ ಮೆನುವಿನಲ್ಲಿ ‘ಲೋಕಲ್ ಕಂಟ್ರೋಲ್’ ಆಫ್ ಮಾಡಿ. ಕಾರ್ಯಕ್ರಮಕ್ಕೆ ಒಯ್ಯುವ ಮುಂಚೆ ಆನ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಸ್ಟೇಜಿನ ಮೇಲೆ ಕೀಬೋರ್ಡ್ ಮೂಕಾಗಿರುತ್ತದೆ.

ಲೆವೆಲ್ ಕೆಂಪಿಗೆ ಮುಟ್ಟಿಸಬೇಕಾ? ಎಷ್ಟು ಬಿಟ್, ಎಷ್ಟು ಕಿಲೋಹರ್ಟ್ಸ್?

ಕ್ಯಾಸೆಟ್ಟಿನ ಕಾಲದ ಆ ಅಭ್ಯಾಸ ಬಿಡಿ. 24 ಬಿಟ್ ಇಟ್ಟು, ಜೋರಾದ ಸ್ವರ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲಲಿ. ಬರೀ ಹಾಡಿಗೆ 44.1, ವಿಡಿಯೋಕ್ಕಾದರೆ 48. 48ರಲ್ಲಿ ಸ್ಟೀರಿಯೋ ಒಂದು ನಿಮಿಷಕ್ಕೆ ಸುಮಾರು 17 ಎಂಬಿ, ತಾಸಿಗೆ ಒಂದು ಜಿಬಿ ಬೇಕು.

## ನಮ್ಮ ಸಂಗೀತದ ಪ್ರಶ್ನೆಗಳು

ತಂಬೂರಿ ಪೆಟ್ಟಿಗಿ, ತಬಲಾ ಪೆಟ್ಟಿಗಿ, ಕೀಬೋರ್ಡ್ ಮೂರೂ ಕೂಡಿಸಿ ರೆಕಾರ್ಡ್ ಮಾಡೋದು ಹ್ಯಾಂಗ್ರಿ?

ಬೆಂಗಳೂರಿನ ರಾಡೆಲ್‌ನಂಥ ಕಂಪನಿಗಳ ಎಲೆಕ್ಟ್ರಾನಿಕ್ ತಂಬೂರಿ, ತಬಲಾ ಪೆಟ್ಟಿಗೆಗಳಲ್ಲಿ ಲೈನ್ ಔಟ್ ಅಥವಾ ಇಯರ್‌ಫೋನ್ ತೂತು ಇರುತ್ತದೆ, ಅಲ್ಲಿಂದ ಇಂಟರ್‌ಫೇಸಿಗೆ ಎಳೆಯಿರಿ. ಸ್ಪೀಕರಿನ ಮುಂದೆ ಮೈಕ್ ಹಿಡಿಯಬೇಡಿ. ಒಂದೊಂದೂ ಬೇರೆ ಟ್ರ್ಯಾಕಿನಲ್ಲಿರಲಿ.

ಕಷ್ಟ ಬರುವುದು ಶ್ರುತಿಯಲ್ಲಿ. ಕೀಬೋರ್ಡ್ 440 ಹರ್ಟ್ಸಿಗೆ ಕೂಡಿರುತ್ತದೆ. ಮನೆಯ ಹಳೆಯ ಪೇಟಿ ಬಹಳ ಸಲ ಅದಕ್ಕಿಂತ ಸ್ವಲ್ಪ ಮೇಲೋ ಕೆಳಗೋ ಇರುತ್ತದೆ. ಅಲುಗಿಸಲು ಬಾರದ್ದಕ್ಕೆ ಅಲುಗಿಸಲು ಬರುವುದನ್ನು ಕೂಡಿಸಬೇಕು. ಪೇಟಿಯ ಕಾಳಿ 1 (ಸಪ್ತಕದ ಮೊದಲ ಕಪ್ಪು ಕೀ) ಹಿಡಿದು ಟ್ಯೂನರಿನಲ್ಲಿ ನೋಡಿ, ಕೀಬೋರ್ಡಿನ ಮಾಸ್ಟರ್ ಟ್ಯೂನಿಂಗ್ ಅಷ್ಟಕ್ಕೇ ಸರಿಸಿ, ಕೊನೆಗೆ ತಂಬೂರಿ ಪೆಟ್ಟಿಗೆಯ ಸಣ್ಣ ತಿರುಪಿನಿಂದ ಕೂಡಿಸಿ.

ತಬಲಾ ಪೆಟ್ಟಿಗೆಯ ಲಯದ ಅಂಕಿಯನ್ನೇ ಸಾಫ್ಟ್‌ವೇರಿನಲ್ಲಿ ಹಾಕಿದರೂ ಸ್ವಲ್ಪ ಹೊತ್ತಿಗೆ ಎರಡೂ ಅಗಲುತ್ತವೆ, ಒಂದೊಂದಕ್ಕೂ ತನ್ನದೇ ಗಡಿಯಾರ. ಅದಕ್ಕೇ ತಬಲಾ ಪೆಟ್ಟಿಗೆಯನ್ನು ಮೊದಲು ಪೂರ್ತಿ ರೆಕಾರ್ಡ್ ಮಾಡಿ, ಉಳಿದವರೆಲ್ಲ ಅದನ್ನು ಕೇಳಿಕೊಂಡು ನುಡಿಸಬೇಕು.

ಪೇಟಿ ಬದಲಿ ಕೀಬೋರ್ಡಿನ ಹಾರ್ಮೋನಿಯಂ ಟೋನ್ ಹಾಕಿದ್ರ ಯಾಕೋ ಜೀವ ಇರಂಗಿಲ್ರಿ.

ಪೇಟಿಯಲ್ಲಿ ಧ್ವನಿಯ ಏರಿಳಿತ ಬರುವುದು ಎಡಗೈಯಿಂದ ಗಾಳಿ ಊದುವ ಭಾತೆಯಿಂದ, ಕೀ ಒತ್ತುವ ಜೋರಿನಿಂದಲ್ಲ. ಕೀಬೋರ್ಡ್ ಅದನ್ನು ತಲೆಕೆಳಗು ಮಾಡುತ್ತದೆ: ಒತ್ತಿನ ಜೋರು ಸ್ವರದ ಆರಂಭದಲ್ಲೇ ನಿಶ್ಚಯವಾಗಿಬಿಡುತ್ತದೆ. ಆದ್ದರಿಂದ ಟಚ್ ಸೆನ್ಸಿಟಿವಿಟಿ ಆಫ್ ಮಾಡಿ ಎಲ್ಲ ಸ್ವರಗಳನ್ನು ಸಮ ಮಾಡಿಕೊಳ್ಳಿ. ಏರಿಳಿತಕ್ಕೆ ಎಕ್ಸ್‌ಪ್ರೆಶನ್ ಪೆಡಲ್ ಹಚ್ಚಿ, ಮಿಡಿಯಲ್ಲಿ ಅದು 11ನೇ ಕಂಟ್ರೋಲರ್. ಪೆಡಲ್ ಇಲ್ಲದಿದ್ದರೆ ನುಡಿಸಿದ ಮೇಲೆ ಮೌಸಿನಿಂದ ಆ ಗೆರೆಯನ್ನು ಹಾಡುಗಾರರ ಉಸಿರಿನ ಜೊತೆ ಏರಿಸಿ ಇಳಿಸಿ. ಒಂದು ಆಲಾಪದ ಸಾಲಿಗೆ ಇಷ್ಟು ಮಾಡಿ ನೋಡಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಹಾಗಿದ್ದರೂ ಮನೆಯಲ್ಲಿ ನಿಜವಾದ ಪೇಟಿ ಇದ್ದರೆ ಅದರ ಮುಂದೆ ಮೈಕ್ ಇಡುವುದೇ ಲೇಸು.

ಕೀಬೋರ್ಡಿನ ಗಾಂಧಾರ ತಂಬೂರಿಗೆ ಕೂಡಂಗೇ ಇಲ್ಲ. ನಮ್ಮ ಗುರುಗಳು ಬೈತಾರ.

ಗುರುಗಳ ಕಿವಿ ಸರಿಯಿದೆ. ಕೀಬೋರ್ಡ್ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತದೆ, ಒಂದೊಂದು ಪಾಲು 100 ಸೆಂಟ್. ಅಲ್ಲಿ ಶುದ್ಧ ಗಾಂಧಾರ 400 ಸೆಂಟ್. ತಂಬೂರಿಯ ಷಡ್ಜದ ತಂತಿಯೊಳಗೇ ತಾನಾಗಿ ಕೇಳಿಬರುವ ಗಾಂಧಾರ ಸುಮಾರು 386. ಆ 14 ಸೆಂಟಿನ ಅಂತರವೇ ಚುಚ್ಚುವುದು. ಪಂಚಮದಲ್ಲಿ ಅಂತರ ಬರೀ 2 ಸೆಂಟ್, ಅಲ್ಲಿ ಯಾರೂ ಬೈಯುವುದಿಲ್ಲ. ಕೋಮಲ ಗಾಂಧಾರ ಇನ್ನೊಂದು ದಿಕ್ಕಿಗೆ ತಪ್ಪುತ್ತದೆ: ಕೀಬೋರ್ಡಿನದು 300, ಸಹಜದ್ದು 316ರ ಹತ್ತಿರ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರ ಇಟ್ಟದ್ದರ ಹಿಂದೆಯೂ ಈ ವಾದವಿತ್ತು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರರ ಊರಿನವರು ಇದನ್ನು ಸಣ್ಣ ಮಾತೆಂದು ಬಿಡಬಾರದು ಎಂಬುದು ನನ್ನ ಅಭಿಮತ.

ಕೀಬೋರ್ಡಿನಲ್ಲಿ ‘ಸ್ಕೇಲ್ ಟ್ಯೂನ್’ ಇದ್ದರೆ ನಿಮ್ಮ ಷಡ್ಜದಿಂದ ಎಣಿಸಿ ಶುದ್ಧ ಗಾಂಧಾರವನ್ನು 14 ಇಳಿಸಿ, ಶುದ್ಧ ಧೈವತವನ್ನು 16, ಶುದ್ಧ ನಿಷಾದವನ್ನು 12. ಷಡ್ಜ ಬದಲಿಸಿದರೆ ಈ ಲೆಕ್ಕವೂ ಬದಲಾಗಬೇಕು. ಕಾಳಿ 1ಕ್ಕೆ ಮಾಡಿದ್ದು ಕಾಳಿ 2ಕ್ಕೆ ನಡೆಯುವುದಿಲ್ಲ. ರಾಗಕ್ಕೆ ತಕ್ಕಂತೆ ಅಂಕಿಗಳನ್ನು ಇನ್ನೂ ತಿದ್ದಬೇಕಾದೀತು, ಅದನ್ನು ಗುರುಗಳನ್ನು ಪಕ್ಕ ಕೂಡಿಸಿಕೊಂಡೇ ಮಾಡಿ. ಮೀಂಡಿಗೆ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದಕ್ಕೆ, ಪಿಚ್ ಬೆಂಡ್ ಚಕ್ರ ಇದೆ. ಅದು ಸಾಮಾನ್ಯವಾಗಿ ಎರಡು ಅರ್ಧಸ್ವರದಷ್ಟೇ ಎಳೆಯುತ್ತದೆ. ಕೀಬೋರ್ಡಿನಲ್ಲಿ ಹಿಗ್ಗಿಸಿದರೆ ಸಾಫ್ಟ್‌ವೇರ್ ವಾದ್ಯದಲ್ಲಿಯೂ ಅಷ್ಟೇ ಹಿಗ್ಗಿಸಬೇಕು, ಇಲ್ಲದಿದ್ದರೆ ಮೀಂಡು ಬೇರೆ ಸ್ವರಕ್ಕೆ ಹೋಗಿ ನಿಲ್ಲುತ್ತದೆ.

ಝಪ್‌ತಾಲ, ಏಕತಾಲಕ್ಕ ಮೆಟ್ರೋನಾಮ್ ಹಚ್ಚೋದು ಹ್ಯಾಂಗ?

ಟೈಮ್ ಸಿಗ್ನೇಚರ್ ಎಂಬಲ್ಲಿ ಝಪ್‌ತಾಲಕ್ಕೆ 10/4, ರೂಪಕಕ್ಕೆ 7/4, ಏಕತಾಲಕ್ಕೆ 12/4 ಹಾಕಿದರೆ ಪ್ರತಿ ಗೆರೆಗೂ ಸಮ್ (ತಾಳದ ಮೊದಲ ಮಾತ್ರೆ) ಬೀಳುತ್ತದೆ. ವಿಲಂಬಿತ ಏಕತಾಲದಲ್ಲಿ ಒಂದು ಮಾತ್ರೆ 4 ಸೆಕೆಂಡ್ ಆದರೆ ಲಯ ನಿಮಿಷಕ್ಕೆ 15, ಅಷ್ಟು ಕೆಳಗೆ ಕೆಲವು ಸಾಫ್ಟ್‌ವೇರು ಇಳಿಯುವುದಿಲ್ಲ. ಮಾತ್ರೆಯನ್ನು ನಾಲ್ಕು ಪಾಲು ಮಾಡಿ 60 ಇಟ್ಟುಕೊಳ್ಳಿ, ಆವರ್ತನಕ್ಕೆ 48 ಟಿಕ್ ಬರುತ್ತದೆ. ಆದರೆ ಬಡಾ ಖ್ಯಾಲನ್ನು ಟಿಕ್ ಟಿಕ್‌ಗೆ ಕಟ್ಟಿಹಾಕಿ ಹಾಡಿಸುವುದು ನನಗೆ ಒಪ್ಪಿಗೆಯಿಲ್ಲ. ತಬಲಾದವರನ್ನು ಎದುರಿಗೆ ಕೂಡಿಸಿ, ಮೆಟ್ರೋನಾಮ್ ಬಂದ್ ಮಾಡಿ.

ಆಕ್ಟೋಪ್ಯಾಡ್ ಬಾರಿಸಿದ್ರ ಕಂಪ್ಯೂಟರ್‌ನ್ಯಾಗ ಡೋಲಕ್ ಬದಲಿ ಪಿಯಾನೋ ಬರತೈತ್ರಿ!

ಪ್ಯಾಡು ಕಳಿಸುವುದು ಕೀಯ ನಂಬರು ಮಾತ್ರ. ಜನರಲ್ ಮಿಡಿ ಪದ್ಧತಿಯಲ್ಲಿ ತಾಳವಾದ್ಯಕ್ಕೆ 10ನೇ ಚಾನೆಲ್ ಮೀಸಲು, ಅಲ್ಲಿ 36 ಕಿಕ್, 38 ಸ್ನೇರ್, 42 ಮುಚ್ಚಿದ ಹೈಹ್ಯಾಟ್. ಆ ಟ್ರ್ಯಾಕಿಗೆ ಡ್ರಮ್ಮಿನ ಸಾಫ್ಟ್‌ವೇರ್ ವಾದ್ಯ ಜೋಡಿಸಿ, ಪ್ಯಾಡಿನ ನಂಬರುಗಳನ್ನು ಅದಕ್ಕೆ ಹೊಂದಿಸಿ. ನಿಮ್ಮ ಪ್ಯಾಡಿನಲ್ಲಿ ಕೂಡಿಟ್ಟ ಡೋಲಕ್, ಹಲಗಿ ಧ್ವನಿಗಳೇ ಬೇಕಾದರೆ ಲೈನ್ ಔಟ್‌ನಿಂದ ಆಡಿಯೋ ತೆಗೆಯುವುದೊಂದೇ ದಾರಿ.

ನನಗ ಕಣ್ಣ ಕಾಣಂಗಿಲ್ರಿ. ಹಾರ್ಮೋನಿಯಂ, ಕೀಬೋರ್ಡ್ ನುಡಸ್ತೀನಿ. ನಾನs ಸ್ವಂತ ರೆಕಾರ್ಡ್ ಮಾಡಬಹುದೇನು?

ಖಂಡಿತ ಮಾಡಬಹುದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳನ್ನು ಕಲಾವಿದರನ್ನಾಗಿ ಮಾಡಿದ ನೆಲ ಇದು. ಅಲ್ಲಿ ಕಲಿತವರು ತಮ್ಮ ಸಂಗೀತವನ್ನು ತಾವೇ ರೆಕಾರ್ಡ್ ಮಾಡುವಂತಾಗಬೇಕು ಎಂಬುದು ನನ್ನ ದೊಡ್ಡ ಆಸೆ.

ವಿಂಡೋಸ್ ಕಂಪ್ಯೂಟರಿನಲ್ಲಿ ಮೂರು ಸಂಗತಿ ಹಾಕಿಸಿಕೊಳ್ಳಿ. ಪರದೆಯನ್ನು ಓದಿ ಹೇಳುವ ಎನ್‌ವಿಡಿಎ, ರೀಪರ್, ಇವೆರಡನ್ನು ಬೆಸೆಯುವ ಒಸಾರಾ. ಎನ್‌ವಿಡಿಎ, ಒಸಾರಾ ಎರಡೂ ಪುಕ್ಕಟೆ. ಒಸಾರಾ ಇದ್ದರೆ ಟ್ರ್ಯಾಕಿನಿಂದ ಟ್ರ್ಯಾಕಿಗೆ ಬಾಣದ ಕೀಲಿಯಿಂದ ಹೋದಂತೆ ಅದರ ಹೆಸರು, ಸ್ಥಿತಿ ಕಿವಿಗೆ ಬೀಳುತ್ತದೆ. ಕಂಟ್ರೋಲ್ ಒತ್ತಿ ಟಿ ಹೊಡೆದರೆ ಹೊಸ ಟ್ರ್ಯಾಕ್, ಎಫ್ 7 ಹೊಡೆದರೆ ಆ ಟ್ರ್ಯಾಕ್ ರೆಕಾರ್ಡಿಗೆ ಸಿದ್ಧ, ಕಂಟ್ರೋಲ್ ಒತ್ತಿ ಆರ್ ಹೊಡೆದರೆ ರೆಕಾರ್ಡ್ ಶುರು, ಸ್ಪೇಸ್ ಒತ್ತಿದರೆ ನಿಂತಿತು. ಮೌಸಿನ ಅಗತ್ಯವೇ ಇಲ್ಲ.

ಇಂಟರ್‌ಫೇಸ್ ಆರಿಸುವಾಗ ಕೈಗೆ ಸಿಗುವ ಗುಂಡಿ, ಸ್ವಿಚ್ಚು ಇರುವುದನ್ನೇ ಆರಿಸಿ. ಲೆವೆಲ್ ಏರಿಸಲೂ ಪರದೆಯೇ ಬೇಕಾಗುವ ಮಾದರಿ ಬೇಡ. ಎನ್‌ವಿಡಿಎ ಮಾತು ಲ್ಯಾಪ್‌ಟಾಪಿನ ಸ್ವಂತ ತೂತಿಗೆ, ಸಂಗೀತ ಇಂಟರ್‌ಫೇಸಿನ ಹೆಡ್‌ಫೋನಿಗೆ ಹೋಗುವಂತೆ ಹೊಂದಿಸಿಕೊಳ್ಳಿ. ಒಂದು ಕಿವಿಯಲ್ಲಿ ಸಣ್ಣ ಇಯರ್‌ಫೋನು, ಇನ್ನೊಂದರ ಮೇಲೆ ಹೆಡ್‌ಫೋನು. ಹಾಗಿದ್ದರೆ ಹಾಡುವಾಗ ನಡುವೆ ಮಾತು ಬಂದು ಸ್ವರಕ್ಕೆ ಅಡ್ಡಿಯಾಗುವುದಿಲ್ಲ.

ಐದ್ಹತ್ತು ವರ್ಷ ಬಿಟ್ಟು ತಗದ್ರ ಇವೆಲ್ಲಾ ಮತ್ತ ಕೇಳಸ್ತಾವೇನ್ರಿ?

ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲನ್ನು ಮಾತ್ರ ಇಟ್ಟರೆ ಕೇಳಿಸದೆ ಹೋಗಬಹುದು. ಆಗ ಆ ಸಾಫ್ಟ್‌ವೇರ್ ವಾದ್ಯವೇ ಇರಲಿಕ್ಕಿಲ್ಲ. ಕೆಲಸ ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ ಶುರುವಾಗುವ ವೇವ್ ಫೈಲ್ ಮಾಡಿ, ಮಿಡಿಯನ್ನು ಬೇರೆ ಫೈಲಾಗಿ ಉಳಿಸಿ. ಜೊತೆಗೆ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ರಾಗ, ತಾಳ, ಲಯ, ಷಡ್ಜ ಕಾಳಿ ಎಷ್ಟು, ಮಾಸ್ಟರ್ ಟ್ಯೂನಿಂಗ್ ಎಷ್ಟು, ಯಾರು ಏನು ನುಡಿಸಿದರು, ತಾರೀಖು ಬರೆಯಿರಿ. ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲೋ ಕ್ಲೌಡಿನಲ್ಲೋ ಇರಲಿ. ವರ್ಷಕ್ಕೊಮ್ಮೆ ಆ ಡಿಸ್ಕನ್ನು ಹಚ್ಚಿ, ಒಂದೆರಡು ಫೈಲು ತೆರೆದು ಕೇಳಿ.